ಚಿತ್ತಿನಿಂದ ಚಿತ್ರಕ್ಕೆ: ರವೀಂದ್ರರ ಚಿತ್ರಕಲೆಯ ವಿಚಾರ

ರವೀಂದ್ರನಾಥ ಠಾಕೂರರು ಕವಿಗಳೆಂದೂ ಗೀತಕಾರರೆಂದೂ ಶಾಂತಿನಿಕೇತನದ ಸ್ಥಾಪಕರೆಂದೂ ಕನ್ನಡದ ವಿದ್ಯಾವಂತ ಮನೆತನಗಳಲ್ಲಿ ಸುಪರಿಚಿತರು. ಅವರ ಚಿತ್ರಕಲೆಯ ವಿಷಯವಾದರೋ ಅಷ್ಟು ಪರಿಚಿತವಾದುದಲ್ಲ. ಅರುವತ್ತರ ಗಡಿಯನ್ನು ದಾಟಿದ ಮೇಲೆ ಕುಂಚವನ್ನು ಹಿಡಿದ ಈ ಮಹನೀಯರು, ೧೯೪೧ರಲ್ಲಿ ದೇಹಬಿಡುವುದರೊಳಗಾಗಿ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ಬಿಟ್ಟುಹೋದರೆಂದರೆ ಕೇಳಿದವರಿಗೆ ಆಶ್ಚರ್ಯವಾಗದಿರದು. ಚಿತ್ರಶಾಲೆಯ ಮೆಟ್ಟಲನ್ನು ಹತ್ತದೆ, ಗುರುವಿನ ಮುಂದೆ ಕುಳಿತು ಅಭ್ಯಾಸಮಾಡದೆ, ಇಳಿವಯಸ್ಸಿನಲ್ಲಿ ಇಷ್ಟೊಂದು ಚಿತ್ರಗಳನ್ನು ರಚಿಸಿದ ಕವಿ ಲೋಕದಲ್ಲಿ ಮತ್ತೊಬ್ಬರಿರುವುದು ಅಪರೂಪವೇ ಸರಿ.

ಈ ಚಿತ್ರಗಳನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಬಳಕೆಯಲ್ಲಿವೆ. ಇವು ಮಹಾಕವಿಯೊಬ್ಬನ ಮುಪ್ಪಿನ ವಿನೋದ, ಅವನ ಹೆಸರಿನ ಬಲದಿಂದ ಮಾತ್ರ ಬೆಲೆ ಪಡೆದುವು ಎಂಬುದು ಮೊದಲನೆಯದು. ಇವು ಯಾವ ಶಿಕ್ಷಣದ ಸೋಂಕೂ ಇಲ್ಲದೆ, ಯಾರ ಪ್ರಭಾವವೂ ಇಲ್ಲದೆ ತಾವಾಗಿಯೇ ಉಕ್ಕಿಬಂದುವು, ಆದುದರಿಂದಲೇ ಶ್ರೇಷ್ಠ ಎಂಬುದು ಎರಡನೆಯದು. ಒಂದು ನಿಂದೆ, ಇನ್ನೊಂದು ಸ್ತುತಿ. ಆದರೆ ಎರಡರ ತಳಹದಿಯೂ ಒಂದೇ: ಕೈ ತಾನಾಗಿ ಎಳೆದ ಗೆರೆಯ ಹಿಂದೆ ಯಾವ ಸಾಧನೆಯೂ ಇರಲಾರದೆಂಬ ನಂಬಿಕೆ. ಚಿತ್ರಗಳನ್ನು ಅವು ಹುಟ್ಟಿದ ಕ್ರಮದಲ್ಲಿ ನೋಡುತ್ತ ಬಂದವರಿಗೆ ಈ ನಂಬಿಕೆ ನಿಲ್ಲದು. ರವೀಂದ್ರರ ಗೆರೆ ಸಹಜವಾಗಿ ಹರಿದದ್ದು ನಿಜ. ಆದರೆ ಅದರ ಹಿಂದೆ ಅರ್ಧಶತಮಾನದ ಛಂದೋಭ್ಯಾಸವೂ, ಹಲವು ಭೂಖಂಡಗಳ ಕಲೆಯನ್ನು ಕಣ್ತುಂಬ ನೋಡಿದ ಅನುಭವವೂ ಇದ್ದುವು.

ಜೋಡಾಸಾಂಕೋದ ಠಾಕೂರರ ಮನೆಯಲ್ಲಿ ಚಿತ್ರಕಲೆ ಹೊಸದೇನೂ ಆಗಿರಲಿಲ್ಲ. ಅಣ್ಣ ಜ್ಯೋತಿರಿಂದ್ರನಾಥರು ಬಂದವರ ಮುಖಗಳನ್ನು ಸೀಸದ ಕಡ್ಡಿಯಿಂದ ಬರೆದಿಡುವುದರಲ್ಲಿ ಕುಶಲರು. ಅವರ ರೇಖಾಚಿತ್ರಗಳ ಸಂಪುಟವೊಂದು ಆಂಗ್ಲ ಚಿತ್ರಕಾರ ವಿಲಿಯಂ ರೋಥೆನ್‌ಸ್ಟೈನರ ಆಸಕ್ತಿಯಿಂದ ೧೯೧೪ರಲ್ಲಿ ಬೆಳಕು ಕಂಡಿತು. ದಾಯಾದಿಯ ಮಕ್ಕಳಾದ ಅವನೀಂದ್ರನಾಥರೂ ಗಗನೇಂದ್ರನಾಥರೂ ಬಂಗಾಳದ ನವ್ಯ ಚಿತ್ರಕಲೆಯ ಮುಂದಾಳುಗಳೇ ಆದರು. ಇಂಥ ಮನೆಯಲ್ಲಿ ಬೆಳೆದ ರವೀಂದ್ರರಿಗೆ ಚಿತ್ರ ಬರೆಯುವ ಆಸೆ ಇಲ್ಲದಿರಲಿಲ್ಲ. ೧೯೦೦ರಲ್ಲಿ ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರವೊಂದರಲ್ಲಿ ತಾವು ಚಿತ್ರದ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿರುವುದನ್ನು ತಿಳಿಸಿ, ತಮ್ಮ ಕೈಯಲ್ಲಿ ಕಡ್ಡಿಗಿಂತ ರಬ್ಬರಿಗೇ ಹೆಚ್ಚು ಕೆಲಸವೆಂದು ನಗೆಯಾಡಿದ್ದಾರೆ. ಕಂಡುದನ್ನು ಕಂಡಂತೆ ಬರೆಯುವ ಹಾದಿ ಅವರಿಗೆ ಒಲಿಯಲಿಲ್ಲ. ಆ ಪ್ರಯತ್ನ ಅಲ್ಲಿಗೇ ನಿಂತಿತು. ಅಂದು ವಿನೋದಕ್ಕೆ ವಸ್ತುವಾದ ಈ ಅಳಿಸುವ ಕೆಲಸವೇ ಕಾಲು ಶತಮಾನದ ಮೇಲೆ ಚಿತ್ರಕ್ಕೆ ಬಾಗಿಲಾಯಿತೆಂಬುದು ಗಮನಿಸತಕ್ಕ ಸಂಗತಿ.

ಕವಿಗಳ ಕರಡುಪ್ರತಿಗಳಲ್ಲಿ ಚಿತ್ತುಗಳಿರುವುದು ಸಹಜ. ಒಂದು ಶಬ್ದ ಸರಿಬೀಳಲಿಲ್ಲ, ಹೊಡೆದು ಹಾಕಿದರು. ಒಂದು ಪಾದ ಕುಂಟಿತು, ಅಡ್ಡಗೆರೆ ಎಳೆದರು. ಅಚ್ಚಿಗೆ ಹೋಗುವಾಗ ಒಳ್ಳೆಯ ಪಂಕ್ತಿಗಳು ಉಳಿದು, ಚಿತ್ತುಗಳು ಕರಡಿನೊಂದಿಗೆ ಕಸದ ಬುಟ್ಟಿಯನ್ನು ಸೇರುತ್ತವೆ. ರವೀಂದ್ರರ ಕಣ್ಣಿಗೆ ಮಾತ್ರ ಈ ಚಿತ್ತುಗಳು ಅನಾಥರಂತೆ ತೋರಿದುವು. ಪುಟದಲ್ಲಿ ಅಲ್ಲೊಂದು ಇಲ್ಲೊಂದಾಗಿ ಬಿದ್ದ ಮಸಿಯ ಕಲೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿರುವುದನ್ನು ನೋಡಿ ಅವರ ಮನಸ್ಸು ಕಸಿವಿಸಿಗೊಳ್ಳುತ್ತಿತ್ತು. ಲೇಖಣಿ ಒಂದು ಚಿತ್ತಿನಿಂದ ಹೊರಟು ಇನ್ನೊಂದರ ತನಕ ಬಳ್ಳಿಯಂತೆ ಹರಿಯಿತು. ಎರಡರ ನಡುವಣ ಬಿಳಿಯ ಬಯಲಿಗೆ ಒಂದು ಆಕಾರ ಬಂದಿತು. ಆ ಆಕಾರಕ್ಕೆ ಕೊಕ್ಕು ಮೂಡಿತು, ಕಣ್ಣು ಮೂಡಿತು, ಬಾಲ ಬೆಳೆಯಿತು. ಬರೆಯುತ್ತ ಹೋದಂತೆ ಪುಟದ ತಪ್ಪುಗಳೆಲ್ಲ ಸೇರಿ ಯಾವ ಲೋಕದ್ದೆಂದು ತಿಳಿಯದ ಒಂದು ಪಕ್ಷಿಯೋ ಮೃಗವೋ ಆಗಿ ನಿಂತಿತು.

ಇಂಥ ಆಟ ಅವರ ಹಿಂದಿನ ಹಸ್ತಪ್ರತಿಗಳಲ್ಲಿಯೂ ಅಲ್ಲಲ್ಲಿ ಕಾಣದಿಲ್ಲ. ಆದರೆ ಅದು ತುಂಬು ರೂಪದಲ್ಲಿ ಹೊರಬಿದ್ದುದು ೧೯೨೪ರಲ್ಲಿ. ಆ ವರ್ಷದ ಕೊನೆಯಲ್ಲಿ ಪೆರು ದೇಶದ ಆಮಂತ್ರಣವನ್ನು ಮನ್ನಿಸಿ ಹೊರಟಿದ್ದ ಕವಿ ದಾರಿಯಲ್ಲಿ ಅಸ್ವಸ್ಥರಾಗಿ ಅರ್ಜೆಂಟೀನದಲ್ಲಿ ಇಳಿಯಬೇಕಾಯಿತು. ಬ್ಯೂನಸ್ ಐರಿಸ್ ನಗರದ ಬಳಿಯ ಸಾನ್ ಇಸಿದ್ರೋ ಎಂಬಲ್ಲಿ, ದೊಡ್ಡ ನದಿಯೊಂದಕ್ಕೆ ಅಭಿಮುಖವಾದ ಮನೆಯೊಂದರಲ್ಲಿ, ವಿಕ್ಟೋರಿಯಾ ಒಕಾಂಪೋ ಎಂಬ ಲೇಖಕಿ ಅವರನ್ನು ಇರಿಸಿಕೊಂಡು ಉಪಚರಿಸಿದರು. ಅಲ್ಲಿ ಬರೆದ ಹಲವು ಕವಿತೆಗಳು ಸೇರಿ ೧೯೨೫ರಲ್ಲಿ ‘ಪೂರವೀ’ ಎಂಬ ಸಂಕಲನವಾಯಿತು. ಕವಿ ಅದನ್ನು ‘ವಿಜಯಾ’ ಎಂದು ತಾವು ಕರೆಯುತ್ತಿದ್ದ ಈ ಮಹಿಳೆಗೇ ಅರ್ಪಿಸಿದರು. ಬಂಗಾಳಿಯನ್ನು ಓದಲರಿಯದ ಆಕೆ ಆ ಹಸ್ತಪ್ರತಿಯಲ್ಲಿ ಕಂಡುದು ಕವಿತೆಯನ್ನಲ್ಲ, ಚಿತ್ತುಗಳಿಂದ ಎದ್ದ ಪ್ರಾಣಿಗಳನ್ನು. ಕೆಲವು ಪುಟಗಳ ಛಾಯಾಚಿತ್ರಗಳನ್ನು ತೆಗೆಸಿಕೊಳ್ಳಲು ಆಕೆ ಅನುಮತಿ ಬೇಡಿದರು. ಭಾಷೆ ಬಲ್ಲವರು ಶಬ್ದದ ಬೆನ್ನು ಹತ್ತಿ ಗೆರೆಯನ್ನು ಮರೆತಿರಬಹುದಾದಲ್ಲಿ, ಭಾಷೆ ಬಾರದವಳ ಕಣ್ಣಿಗೆ ಗೆರೆಯೇ ಮೊದಲು ಬಿದ್ದುದು ಸಹಜವಾಗಿಯೇ ಇದೆ.

‘ಪೂರವೀ’ಯ ಈ ಪುಟಗಳನ್ನು ನಿಧಾನವಾಗಿ ನೋಡಿದರೆ, ಕೈ ಮನಬಂದಂತೆ ಅಲೆದಿಲ್ಲವೆಂಬುದು ಗೊತ್ತಾಗುವುದು. ಗೆರೆ ಎಲ್ಲಿ ಮುಟ್ಟುವುದೆಂಬುದು ಅದಕ್ಕೆ ಮೊದಲೇ ತಿಳಿಯದಿರಬಹುದು. ಹೇಗೆ ನಡೆಯಬೇಕೆಂಬುದು ಚೆನ್ನಾಗಿ ತಿಳಿದಿದೆ. ಭಾರವಾದ ಒಂದು ಕಪ್ಪು ಕಲೆ ಪುಟದ ಮೇಲ್ಗಡೆ ಬಿದ್ದಿದ್ದರೆ, ಅದಕ್ಕೆ ತೂಕವಾಗಿ ಕೆಳಗಡೆ ಇನ್ನೊಂದು ದಟ್ಟನೆಯ ಆಕಾರ ಎದ್ದಿರುವುದು. ಒಂದು ಬಾಗು ಎಡಕ್ಕೆ ಹೊರಳಿದರೆ ಅದಕ್ಕೆ ಮರುನುಡಿಯುವ ಬಾಗು ಬಲದಲ್ಲಿರುವುದು. ಯತಿ, ಪ್ರಾಸ, ಪುನರಾವೃತ್ತಿ ಎಂದು ಪದ್ಯದಲ್ಲಿ ಯಾವುದನ್ನು ಕರೆಯುವರೋ ಅದೇ ಇಲ್ಲಿ ಮಸಿಯ ರೂಪದಲ್ಲಿದೆ. ತಮ್ಮ ಚಿತ್ರಗಳನ್ನು ಕುರಿತು ಬರೆದಾಗಲೆಲ್ಲ ರವೀಂದ್ರರು ಲಯವೆಂಬ ಒಂದು ಮಾತನ್ನೇ ಹಿಡಿದರು. ತಮಗೆ ದೊರೆತ ಶಿಕ್ಷಣವೆಲ್ಲ ಲಯದ ಶಿಕ್ಷಣವೆಂಬುದು ಅವರ ವಾದದ ತಿರುಳು. ಇದನ್ನು ವಿನಯದ ಮಾತೆಂದು ತಳ್ಳಿಬಿಡಬಾರದು. ಬಾಲ್ಯದಿಂದ ಪದ್ಯ ಬರೆದು, ಎರಡು ಸಾವಿರಕ್ಕೆ ಹೆಚ್ಚು ಹಾಡುಗಳನ್ನು ಕಟ್ಟಿದ ಕೈ ಅದು. ಹಾಗಿರಲು ಚಿತ್ರಶಾಲೆಯ ಶಿಕ್ಷಣವಿಲ್ಲದ ಕೈಯನ್ನು ಅಶಿಕ್ಷಿತವಾದ ಕೈ ಎನ್ನುವುದು ಉಚಿತವಲ್ಲ.

ಇನ್ನು ಪರದೇಶಗಳ ಪ್ರಭಾವದ ವಿಚಾರ. ಇದು ಚಿತ್ತಿನ ಕಥೆಗಿಂತಲೂ ಹಿಂದಿನಿಂದ ಬಂದುದು. ೧೯೦೨ರಲ್ಲಿ ಜಪಾನಿನ ಕಲಾವಿಚಾರಕ ಒಕಾಕುರಾ ಕಲ್ಕತ್ತೆಗೆ ಬಂದರು. ಮರುವರ್ಷ ಯೊಕೊಯಾಮಾ ತಾಯ್ಕನ್, ಹಿಶಿದಾ ಶುನ್‌ಸೋ ಎಂಬ ಇಬ್ಬರು ಚಿತ್ರಕಾರರು ಬಂದು ತಂಗಿದರು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ ಮಂಜಿನಂತಹ ಮೃದುತ್ವವನ್ನು ತರುವ ಅವನೀಂದ್ರರ ಪದ್ಧತಿ ಬೆಳೆದುದು ಈ ಸಹವಾಸದಿಂದ. ಕನ್ನಡನಾಡಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಇದೇ ಅವನೀಂದ್ರರ ಶಿಷ್ಯರಾಗಿ ಅಭ್ಯಾಸಮಾಡಿದರೆಂಬುದು ಇಲ್ಲಿಯ ರಸಿಕರಿಗೆ ಗೊತ್ತೇ ಇದೆ; ಅವರ ಉದಕಮಂಡಲದ ನಿಸರ್ಗಚಿತ್ರಗಳನ್ನು ನೋಡಿದವರು ಆ ಪರಂಪರೆಯ ತಾಳ್ಮೆಯನ್ನೂ ನಯವನ್ನೂ ಬಲ್ಲರು. ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ಭಾರತೀಯತೆಯನ್ನು ಪುರಾಣಗಳಲ್ಲಿಯೂ ಮೊಗಲರ ಕಿರುಚಿತ್ರಗಳಲ್ಲಿಯೂ ಅಜಂತೆಯ ಗೋಡೆಗಳಲ್ಲಿಯೂ ಅರಸಿದ ಪರಂಪರೆ ಅದು.

ರವೀಂದ್ರರಿಗೆ ಈ ಪರಂಪರೆಯಲ್ಲಿ ಗೌರವವಿತ್ತು, ತೃಪ್ತಿಯಿರಲಿಲ್ಲ. ೧೯೧೬ರಲ್ಲಿ ಜಪಾನಿಗೆ ಹೋಗಿ ಯೊಕೊಹಾಮದ ಹರಾ ಎಂಬ ಕಲಾಪೋಷಕ ಶ್ರೀಮಂತರ ಮನೆಯಲ್ಲಿ ತಂಗಿದ್ದಾಗ, ತಾಯ್ಕನ್ ಮತ್ತು ಶಿಮೊಮುರಾ ಕಾನ್‌ಜಾನ್ ಇವರ ದೊಡ್ಡ ಚಿತ್ರಪಟಗಳನ್ನು ನೋಡಿ ಅವರು ಬೆರಗಾದರು. ಅಲ್ಲಿಂದ ಮನೆಗೆ ಬರೆದ ಪತ್ರಗಳಲ್ಲಿ ಬಂಗಾಳದ ಚಿತ್ರಕಾರರು ಮನೆಯ ಮೂಲೆಯನ್ನು ಬಿಟ್ಟು ಹೊರಬರಬೇಕು, ಕಲೆಯಲ್ಲಿ ಬಲವೂ ವಿಸ್ತಾರವೂ ಬರಬೇಕು ಎಂದು ಒತ್ತಿ ಹೇಳಿದರು. ಅರಾಯ್ ಕಂಪೋ ಎಂಬ ಚಿತ್ರಕಾರರಿಂದ ಆ ಪಟಗಳ ಪ್ರತಿಗಳನ್ನೂ ಮಾಡಿಸಿದರು. ೧೯೧೯ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ತೆರೆದು, ನಂದಲಾಲ ಬೋಸರನ್ನು ಕರೆತಂದು ಅದರ ಹೊಣೆಯನ್ನು ಒಪ್ಪಿಸಿದರು. ಆಸ್ಟ್ರಿಯಾದ ಕಲಾಪಂಡಿತೆ ಸ್ಟೆಲ್ಲಾ ಕ್ರಾಮ್‌ರಿಶ್ ಅಲ್ಲಿಗೆ ಬಂದು ಯೂರೋಪಿನ ಕಲೆಯನ್ನು ಕುರಿತು ಉಪನ್ಯಾಸಗಳನ್ನಿತ್ತರು. ೧೯೨೨ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿಯೇ ಜರ್ಮನಿಯ ಬೌಹೌಸ್ ಕಲಾಶಾಲೆಯ ಪ್ರದರ್ಶನ ನಡೆದು, ಕ್ಲೇ, ಕ್ಯಾಂಡಿನ್‌ಸ್ಕಿ ಮುಂತಾದವರ ಕೃತಿಗಳು ಬಂದುವು. ಹೀಗೆ ತಾವು ಚಿತ್ರಕಾರರಾಗುವ ಮೊದಲೇ ರವೀಂದ್ರರು ಇತರ ಚಿತ್ರಕಾರರಿಗಾಗಿ ಕಿಟಕಿಗಳನ್ನು ತೆರೆಯುತ್ತಿದ್ದರು. ಆ ಕಿಟಕಿಗಳ ಗಾಳಿ ಅವರಿಗೂ ಬೀಸಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಅವರ ಚಿತ್ರಗಳಲ್ಲಿ ತಾಯ್ಕನ್ನರ ಮಂಜಾಗಲಿ, ಅವನೀಂದ್ರರ ನಯವಾಗಲಿ ಬಲುಮಟ್ಟಿಗೆ ಕಾಣದು. ಕಣ್ಣಿಗೆ ಹೊಡೆದು ಕಾಣುವ ಸಾದೃಶ್ಯ ಇನ್ನೊಂದು ಕಡೆಯದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಹೈಡಾ ಮೊದಲಾದ ಜನಾಂಗಗಳ ಮರದ ಕೆತ್ತನೆ, ಶಾಂತಸಾಗರದ ನ್ಯೂ ಐರ್ಲೆಂಡ್ ದ್ವೀಪದಲ್ಲಿ ಉತ್ತರಕ್ರಿಯೆಗಳಿಗಾಗಿ ಕಡೆಯುತ್ತಿದ್ದ ಮಲಂಗನ್ ಎಂಬ ಶಿಲ್ಪಗಳು, ಇವುಗಳ ಛಾಯೆ ರವೀಂದ್ರರ ಆರಂಭದ ಚಿತ್ರಗಳಲ್ಲಿ ಸ್ಪಷ್ಟವಾಗಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಂಥ ವಸ್ತುಗಳ ಚಿತ್ರಗಳಿಂದ ತುಂಬಿದ ರಾಟ್‌ಸೆಲ್ ಎಂಬ ಜರ್ಮನ್ ಪಂಡಿತನ ಮಾನವಕುಲದ ಇತಿಹಾಸ ಗ್ರಂಥ ಅವರ ಬಳಿ ಇತ್ತು.

ಈ ಸಾದೃಶ್ಯವನ್ನು ಅನುಕರಣವೆಂದು ಹೇಳಿ ಮುಗಿಸಿದರೆ ವಿಷಯದ ಮರ್ಮ ಕೈತಪ್ಪುವುದು. ಹೈಡಾ ಕುಶಲಕರ್ಮಿಯ ಕೆಲಸವನ್ನು ನೋಡಬೇಕು. ಪೆಟ್ಟಿಗೆಯ ಒಂದು ಮೈಯನ್ನೋ ಮರದ ಕಂಬವನ್ನೋ ಅವನು ಬರಿದಾಗಿ ಬಿಡುವುದಿಲ್ಲ. ಒಂದೆಡೆ ಉಬ್ಬುತ್ತ ಇನ್ನೊಂದೆಡೆ ಸೊರಗುತ್ತ ಹರಿಯುವ ದಪ್ಪಗೆರೆಯೊಂದು ಒಂದು ಪ್ರಾಣಿಯ ರೆಕ್ಕೆಯಿಂದ ಹೊರಟು ಇನ್ನೊಂದರ ದವಡೆಯಾಗುತ್ತದೆ. ಕೀಲು ಇರುವಲ್ಲೆಲ್ಲ ಒಂದು ಕಣ್ಣು ಮೂಡುತ್ತದೆ. ಮಲಂಗನ್ ಶಿಲ್ಪದಲ್ಲಿ ಹಕ್ಕಿ, ಮೀನು, ಮನುಷ್ಯ ಇವು ಒಂದರೊಡನೊಂದು ಹೆಣೆದುಕೊಂಡಿದ್ದು, ನಡುವಣ ಪೊಳ್ಳೂ ಶಿಲ್ಪದ ಒಂದು ಅಂಗವೇ ಆಗಿರುತ್ತದೆ. ಬಿಡಿಬಿಡಿಯಾದ ಆಕಾರಗಳನ್ನು ಒಂದೇ ಗೆರೆಯಿಂದ ಬಂಧಿಸುವುದು ಹೇಗೆ, ನಡುವಣ ಬರಿದನ್ನು ಜೀವಂತವಾಗಿ ಮಾಡುವುದು ಹೇಗೆ ಎಂಬುದು ಆ ಜನರ ಕಲೆಯ ಸಮಸ್ಯೆ. ತನ್ನ ಹಸ್ತಪ್ರತಿಯ ಚಿತ್ತುಗಳ ಮುಂದೆ ಕುಳಿತ ಬಂಗಾಳದ ಕವಿಯ ಸಮಸ್ಯೆಯೂ ಇದೇ ಅಲ್ಲವೇ? ತನ್ನ ಕೈ ತಾನಾಗಿ ಕೇಳುತ್ತಿದ್ದ ಪ್ರಶ್ನೆಗೆ ದೂರದ ಜನರು ಎಂದೋ ಉತ್ತರ ಹೇಳಿಟ್ಟಿದ್ದರು. ಆದುದರಿಂದಲೇ ಆ ಉತ್ತರ ಅವರಿಗೆ ಕೂಡಲೇ ಅರ್ಥವಾಯಿತು. ಹಸಿವಿದ್ದವನಿಗೆ ಅನ್ನ ದಕ್ಕುವಂತೆ, ಪ್ರಶ್ನೆಯುಳ್ಳವನಿಗೆ ಮಾತ್ರ ಪರರ ವಿದ್ಯೆ ದಕ್ಕುವುದು. ಜಪಾನಿನ ನೀರುಬಣ್ಣದ ಮಂಜನ್ನು ಅವರು ಮೆಚ್ಚಿದರು. ಆದರೆ ಅದು ಅವರ ಕೈಯ ಪ್ರಶ್ನೆಯಾಗಿರಲಿಲ್ಲ, ಆದುದರಿಂದ ಕೈಗೆ ಬರಲಿಲ್ಲ.

೧೯೨೮ರ ಸುಮಾರಿಗೆ ಚಿತ್ರ ಹಸ್ತಪ್ರತಿಯಿಂದ ಬೇರ್ಪಟ್ಟು ಸ್ವತಂತ್ರವಾಯಿತು. ಅದೇ ವರ್ಷ ಅವರು ಬೆಂಗಳೂರಿನಲ್ಲಿ, ಆಗ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಗಳಾಗಿದ್ದು ‘ಶೇಷೇರ್ ಕವಿತಾ’ ಕಾದಂಬರಿಯನ್ನು ಮುಗಿಸಿದರೆಂಬುದನ್ನು ನೆನೆದರೆ, ಬರೆಯುವ ಲೇಖಣಿಯೂ ಚಿತ್ರಿಸುವ ಲೇಖಣಿಯೂ ಒಂದೇ ಕಾಲದಲ್ಲಿ ಎಷ್ಟು ಹುರುಪಿನಿಂದ ಓಡುತ್ತಿದ್ದುವೆಂಬುದು ಗೊತ್ತಾಗುವುದು. ಚಿತ್ತಿನ ಆಸರೆಯಿಲ್ಲದೆ ಬರಿಯ ಕಾಗದದ ಮೇಲೆ ನೇರವಾಗಿ ಪ್ರಾರಂಭಿಸುವ ಧೈರ್ಯ ಈಗ ಬಂದಿತ್ತು. ಬರವಣಿಗೆಯ ಬಣ್ಣದ ಮಸಿಗಳೇ ಅವರ ಮುಖ್ಯ ಸಾಮಗ್ರಿ. ಕುಂಚ ಕೈಗೆ ಸಿಕ್ಕದಿದ್ದರೆ ಬಟ್ಟೆಯ ಚೂರು, ಅದೂ ಇಲ್ಲದಿದ್ದರೆ ಬೆರಳು. ಕುಳಿತಲ್ಲಿಯೇ ಚಿತ್ರವನ್ನು ಮುಗಿಸುವ ಆತುರ ಅವರದು. ಪದರದ ಮೇಲೆ ಪದರವಾಗಿ ಹಚ್ಚಿದ ಮಸಿಯೊಳಗಿಂದ ದೀಪ ಹೊತ್ತಿದಂತಹ ಒಂದು ಬೆಳಕು ಹೊರಡುತ್ತದೆ.

ಮೊದಲ ವರ್ಷಗಳ ವಿಚಿತ್ರ ಪ್ರಾಣಿಗಳು ಕ್ರಮೇಣ ಹಿಂದೆ ಸರಿದುವು. ಮುಖಗಳು ಬಂದುವು: ಮೊಟ್ಟೆಯಾಕಾರದ, ಸೆರಗು ಮುಚ್ಚಿದ, ದೊಡ್ಡ ಕಣ್ಣುಗಳ ಹೆಂಗಸರ ಮುಖಗಳು, ಏನನ್ನೋ ಹೇಳಬಂದು ಹೇಳದೆ ನಿಂತಂಥವು. ಕಪ್ಪಗೆ ನಿಂತ ಮರಗಳ ಹಿಂದೆ ಹಳದಿಯಾಗಿ ಉರಿಯುವ ಸಂಜೆಯ ಆಕಾಶಗಳು ಬಂದುವು. ನಾಟಕದ ಒಂದು ಕ್ಷಣದಲ್ಲಿ ಸ್ತಬ್ಧವಾದಂಥ ಗುಂಪುಗಳು ಬಂದುವು. ಈ ಮುಖಗಳಲ್ಲಿ ಹೈಡಾ ಕೆತ್ತನೆಯ ಗುರುತು ಹುಡುಕಿದರೂ ಸಿಕ್ಕದು. ಆದರೆ ಮುಖವಾಡದಿಂದ ಕಲಿತ ಪಾಠ, ಎಂದರೆ ಒಂದು ಮುಖದ ಹೊರಗೆರೆಯೇ ಅದರ ಭಾವವನ್ನು ಹೊರಬಲ್ಲುದೆಂಬ ಪಾಠ, ಒಳಗೆ ಇಳಿದು ರಕ್ತಗತವಾಗಿದೆ. ಪ್ರಭಾವವು ಕಣ್ಣಿಗೆ ಕಾಣುವಷ್ಟು ಕಾಲ ಅದು ಇನ್ನೂ ಸಾಲವೇ ಆಗಿರುತ್ತದೆ. ಕಾಣದಂತಾದಾಗ ಸ್ವಂತ ಸೊತ್ತಾಗುತ್ತದೆ.

ಅವರ ವರ್ಣಗಳ ವಿಷಯದಲ್ಲಿ ಒಂದು ಮಾತು ಅವಶ್ಯ. ಕೆಂಪು ಹಸುರುಗಳ ಭೇದವನ್ನು ಅವರ ಕಣ್ಣು ಸರಿಯಾಗಿ ಗ್ರಹಿಸುತ್ತಿರಲಿಲ್ಲವೆಂದು ೧೯೮೭ರಲ್ಲಿ ಬ್ರಿಟನ್ನಿನ ಸೌಂದರ್ಯಮೀಮಾಂಸೆಯ ಪತ್ರಿಕೆಯೊಂದರಲ್ಲಿ ಪಿಕ್‌ಫರ್ಡ್ ಮತ್ತು ಬೋಸ್ ಎಂಬವರು ಪ್ರತಿಪಾದಿಸಿದರು. ೧೯೯೭ರಲ್ಲಿ ಕೇತಕೀ ಕುಶಾರಿ ಡೈಸನ್, ಸುಶೋಭನ ಅಧಿಕಾರಿ ಇವರು ಬಂಗಾಳಿಯಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದು, ಚಿತ್ರಗಳ ಜೊತೆಗೆ ಕವಿತೆಯ ಬಣ್ಣಗಳನ್ನೂ ಈ ದೃಷ್ಟಿಯಿಂದ ಶೋಧಿಸಿದರು. ಅವರ ಚಿತ್ರಗಳ ಕಂದು, ಕಪ್ಪು, ಹಳದಿಗಳ ವಿಲಕ್ಷಣವಾದ ಮೇಳಕ್ಕೆ ಇದು ಒಂದು ಕಾರಣವಾಗಿರಬಹುದು. ಆದರೆ ಕಾರಣವನ್ನು ತಿಳಿದಮಾತ್ರಕ್ಕೆ ಗುಣದ ನಿರ್ಣಯವಾಗದು. ಕಣ್ಣಿಗೆ ದಕ್ಕಿದ ಕೆಲವೇ ಬಣ್ಣಗಳಿಂದ ಇಷ್ಟು ಗಾಢವಾದ ಮುಸ್ಸಂಜೆಯನ್ನು ತಂದುದು ಕಣ್ಣಿನ ಕೊರತೆಯಲ್ಲ, ಕಲೆಗಾರನ ಶಕ್ತಿ.

ಚಿತ್ರಗಳು ಮೊದಲು ಜನರ ಮುಂದೆ ಬಂದುದು ೧೯೩೦ರ ಮೇ ತಿಂಗಳಲ್ಲಿ, ಪ್ಯಾರಿಸಿನ ಪಿಗಾಲ್ ಚಿತ್ರಶಾಲೆಯಲ್ಲಿ. ಅದನ್ನು ಏರ್ಪಡಿಸಿದವರು ಮತ್ತೆ ಒಕಾಂಪೋ ಅವರೇ. ಅದೇ ವರ್ಷ ಬರ್ಮಿಂಗ್‌ಹ್ಯಾಮ್, ಲಂಡನ್, ಬರ್ಲಿನ್, ಡ್ರೆಸ್‌ಡೆನ್, ಮ್ಯೂನಿಕ್, ಕೋಪನ್‌ಹೇಗನ್, ಜಿನೀವಾ, ಮಾಸ್ಕೋ, ಬಾಸ್ಟನ್, ನ್ಯೂಯಾರ್ಕ್ ನಗರಗಳಲ್ಲಿ ಪ್ರದರ್ಶನಗಳಾದುವು. ಬಾಸ್ಟನ್ನಿನ ಪ್ರದರ್ಶನಕ್ಕೆ ಪರಿಚಯ ಬರೆದ ಆನಂದ ಕುಮಾರಸ್ವಾಮಿಯವರು, ಈ ಚಿತ್ರಗಳಲ್ಲಿ ಮಗುವಿನ ಮುಗ್ಧತೆಯಿದೆಯೇ ಹೊರತು ಬಾಲಿಶತನವಿಲ್ಲವೆಂದು ಬೇರ್ಪಡಿಸಿ ಹೇಳಿದರು. ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಗೆ ಕವಿ ಐದು ಚಿತ್ರಗಳನ್ನು ಕೊಟ್ಟರು. ೧೯೩೭ರಲ್ಲಿ ನಾಜಿ ಸರ್ಕಾರ ಆಧುನಿಕ ಕಲೆಯನ್ನು ಭ್ರಷ್ಟಕಲೆಯೆಂದು ಹೊರಹಾಕಿದಾಗ ಈ ಐದೂ ಆ ಸಾಲಿಗೆ ಸೇರಿದುವು. ೧೯೩೨ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪ್ರದರ್ಶನವಾದಾಗ ಸ್ವಂತ ಊರಿನ ಪ್ರೇಕ್ಷಕರಲ್ಲಿ ಬಹುಮಂದಿ ಕಕ್ಕಾಬಿಕ್ಕಿಯಾದರು. ಕವಿತೆಯಲ್ಲಿ ಸೌಂದರ್ಯವನ್ನೇ ಹಾಡಿದವರು ಚಿತ್ರದಲ್ಲಿ ಇಂಥ ವಿಕಾರಗಳನ್ನು ಏಕೆ ಬರೆದರೆಂಬುದು ಅವರಿಗೆ ಒಗಟಾಯಿತು. ಕವಿಯಾದರೋ ಚಿತ್ರಗಳಿಗೆ ಹೆಸರಿಡಲೂ ಒಪ್ಪಲಿಲ್ಲ. ತೋರುವುದು ಚಿತ್ರದ ಕೆಲಸ, ಅರ್ಥ ಹೇಳುವುದಲ್ಲ ಎಂಬುದೇ ಅವರ ನಿಲುವು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಮರೆಮಾಚಬಾರದು. ಹತ್ತು ಹದಿಮೂರು ವರ್ಷಗಳಲ್ಲಿ ಬರೆದ ಎರಡು ಸಾವಿರ ಚಿತ್ರಗಳೆಲ್ಲ ಒಂದೇ ತೂಕದವಾಗಿರಲು ಸಾಧ್ಯವಿಲ್ಲ. ಒಂದೇ ಮುಖ ಹತ್ತಾರು ಬಾರಿ ಬಂದು, ಹತ್ತನೆಯದರಲ್ಲಿ ಮೊದಲನೆಯದರ ಕಳೆ ಇಲ್ಲದಿರುವುದುಂಟು. ಕೆಲವು ಮುಖವಾಡಗಳಲ್ಲಿ ಪರದೇಶದ ಆಕಾರ ಜೀರ್ಣವಾಗದೆ ಹಾಗೆಯೇ ಉಳಿದಿದೆ. ಇಡಿಯ ಮನುಷ್ಯದೇಹವನ್ನು ನಿಲ್ಲಿಸಹೋದಲ್ಲಿ ಕೈಕಾಲುಗಳು ತಡವರಿಸುತ್ತವೆ. ೧೯೦೦ರ ಪತ್ರದಲ್ಲಿ ಹೇಳಿಕೊಂಡ ತೊಡಕು ಕೊನೆಯವರೆಗೂ ಪೂರ್ತಿಯಾಗಿ ಬಿಡಲಿಲ್ಲ. ಕವಿಯ ಮೇಲಣ ಭಕ್ತಿಯಿಂದ ಪ್ರತಿಯೊಂದು ಕಾಗದವನ್ನೂ ತಲೆಯ ಮೇಲೆ ಹೊತ್ತರೆ, ನಿಜವಾಗಿ ಮೇಲಾದ ಚಿತ್ರಗಳಿಗೆ ಅನ್ಯಾಯವಾಗುವುದು. ೨೦೧೧ರಲ್ಲಿ ಅವರ ನೂರೈವತ್ತನೆಯ ಜಯಂತಿಯ ಸಮಯದಲ್ಲಿ ಆರ್. ಶಿವಕುಮಾರರ ಸಂಪಾದಕತ್ವದಲ್ಲಿ ‘ರವೀಂದ್ರ ಚಿತ್ರಾವಳಿ’ ನಾಲ್ಕು ಸಂಪುಟಗಳಲ್ಲಿ ಹೊರಬಂದ ಮೇಲಂತೂ, ಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗಿನೋಡುವ ಸೌಕರ್ಯ ಒದಗಿದೆ. ರವೀಂದ್ರರ ಕೃತಿಗಳನ್ನು ಭಾರತ ಸರ್ಕಾರ ರಾಷ್ಟ್ರೀಯ ಕಲಾನಿಧಿಯೆಂದು ಸಾರಿದೆ. ನಿಧಿಯಾದ ಮಾತ್ರಕ್ಕೆ ವಿಮರ್ಶೆ ನಿಲ್ಲಬೇಕಾಗಿಲ್ಲ.

ಈ ಚಿತ್ರಗಳು ಬಗೆಹರಿಸಿದ ಪ್ರಶ್ನೆ ಒಬ್ಬ ಕವಿಗೆ ಮಾತ್ರ ಸಂಬಂಧಿಸಿದುದಲ್ಲ. ದೇಶೀಯವಾದ ಕಲೆ ಯಾವುದು, ಪರರಿಂದ ಎಷ್ಟನ್ನು ತೆಗೆದುಕೊಂಡರೆ ತನ್ನತನ ಉಳಿಯುವುದು ಎಂಬ ವಾದ ಸ್ವದೇಶಿ ಚಳವಳಿಯ ಕಾಲದಿಂದ ಎಲ್ಲ ಕಲೆಗಳಲ್ಲಿಯೂ ನಡೆದುಬಂದಿದೆ. ವಸ್ತುವನ್ನು ಪುರಾಣದಿಂದ ತಂದರೆ ಕಲೆ ದೇಶೀಯವಾಗುವುದೆಂದು ಕೆಲವರು ತಿಳಿದರು. ಪಶ್ಚಿಮದ ಹೊಸ ಶೈಲಿಯನ್ನು ತಂದರೆ ಆಧುನಿಕವಾಗುವುದೆಂದು ಬೇರೆ ಕೆಲವರು ತಿಳಿದರು. ರವೀಂದ್ರರು ಎರಡನ್ನೂ ಬಿಟ್ಟು ತಮ್ಮ ಹಸ್ತಪ್ರತಿಯ ಚಿತ್ತಿನಿಂದ ಹೊರಟರು. ಆ ಪುಟದ ಲಯ ಬಂಗಾಳಿ ಕವಿತೆಯದು, ಕೈ ಅವರದು. ಇಷ್ಟು ಗಟ್ಟಿಯಾದ ನೆಲೆಯಿದ್ದುದರಿಂದ ಜಪಾನ್, ಜರ್ಮನಿ, ಅಮೆರಿಕದ ಕರಾವಳಿ, ಶಾಂತಸಾಗರದ ದ್ವೀಪ, ಎಲ್ಲಿಂದ ಏನು ಬಂದರೂ ಅವರಿಗೆ ಭಯವಿರಲಿಲ್ಲ. ಬೇಕಾದುದು ಉಳಿಯಿತು, ಬೇಡದುದು ಜಾರಿಹೋಯಿತು.

ಅವರ ಚಿತ್ರಗಳ ಪ್ರತಿಗಳು ದೊರೆತಾಗ, ಇವು ಏನನ್ನು ಹೋಲುತ್ತವೆಂದು ಹುಡುಕುವ ಮೊದಲು ಸಹೃದಯರು ‘ಪೂರವೀ’ಯ ಒಂದು ಪುಟವನ್ನು ಮುಂದಿಟ್ಟುಕೊಂಡು, ಒಂದು ಚಿತ್ತಿನಿಂದ ಇನ್ನೊಂದಕ್ಕೆ ಹೋಗುವ ಗೆರೆಯನ್ನು ಕಣ್ಣಿನಿಂದ ಅನುಸರಿಸಿ ನೋಡಬೇಕು. ಬಂಗಾಳಿ ಬಾರದಿದ್ದರೂ ಚಿಂತೆಯಿಲ್ಲ. ಆ ಪುಟವನ್ನು ಮೊದಲು ಮೆಚ್ಚಿದಾಕೆಗೂ ಅದು ಬರುತ್ತಿರಲಿಲ್ಲ. ಮುಂದಿನ ಎರಡು ಸಾವಿರ ಚಿತ್ರಗಳನ್ನು ನೋಡುವ ವಿಧಾನವನ್ನು ಆ ಗೆರೆಯೇ ಕಲಿಸಿಕೊಡುವುದು.